ಗಾಜು ಎಷ್ಟ್ ಪಾಲಿಶ್ ಮಾಡಿದ್ರೂ ನಡುವಿನ ಮಬ್ಬು ಹೋಗವಲ್ದು, ಎಲ್ಲಿ ತಪ್ಪಾಕತ್ತೈತಿ?

ಸಂಜಿಪಾಳಿ_ಹುಬ್ಬಳ್ಳಿ

ನಮಸ್ಕಾರ್ರೀ ಎಲ್ಲಾರಿಗೂ. ಹಗಲೊತ್ತು ಒಂದ್ ಆಫೀಸಿನ್ಯಾಗ ಅಕೌಂಟ್ಸ್ ನೋಡ್ತೀನಿ, ಸಂಜಿಮುಂದ ತಾರಿಹಾಳ ಕಡೆ ಒಂದ್ ಗ್ಲಾಸ್ ವರ್ಕ್‌ಶಾಪಿಗೆ ಹೋಗಿ ಮೂರೂವರಿ ತಿಂಗಳಿಂದ ಕೆಲಸ ಕಲಿಯಾಕತ್ತೀನಿ. ಬೆಂಕಿ ಕೆಲಸ ಅಲ್ರಿ, ಊದೂದು ಕರಗಸೂದು ಏನಿಲ್ಲ, ತಣ್ಣನ ಗಾಜು ತಗೊಂಡು ಕೊರಿಯೂದು, ಸಾಣಿ ಹಿಡಿಯೂದು, ಪಾಲಿಶ್ ಮಾಡೂದು ಇಷ್ಟ.

ಕೊರಿಯೂದು ಈಗ ಕೈಗಿ ಹತ್ತೈತಿ. ಮೊದಲ ಹದಿನೈದ್ ದಿನ ಕಟರ್ ಒತ್ತಿ ಒತ್ತಿ ಎಳಿತಿದ್ನಿ, ಗೆರಿ ಬೆಳ್ಳಗ ಹಿಟ್ಟಿಟ್ಟಾಗಿ ಬೀಳ್ತಿತ್ತು, ಮುರಿಯಾಕ ಹೋದ್ರ ಗಾಜು ತನಗ ಬೇಕಾದ ಕಡೆ ಓಡತಿತ್ತು. ಉಸ್ತಾದ್ರು ಒತ್ತಬ್ಯಾಡವಾ, ಸಪ್ಪಳ ಕೇಳು ಅಂದ್ರು. ಈಗ ಗಾಲಿಗಿ ಚೂರ್ ಸೀಮಿಎಣ್ಣಿ ಹಚ್ಚಿ ಒಂದ ಎಳತಕ್ಕ ಎಳದ್ರ ಹೊಸಾ ಅರಿವಿ ಹರಿಧಂಗ ಸರ್ರ್ ಅಂತೈತಿ, ಗೆರಿ ಕೂದಲೆಳಿ ಹಂಗ ಕಾಣ್ತೈತಿ, ಕೂಡ್ಲೆ ಎರಡೂ ಕೈಲೆ ಹಿಡದು ಬಗ್ಗಿಸಿದ್ರ ನೆಟ್ಟಗ ಬಿಡ್ತೈತಿ.

ತ್ರಾಸ್ ಇರೂದು ಪಾಲಿಶಿಂದ. 19 ಎಂಎಂ ದಪ್ಪನ ಗಾಜಿಂದು 5 ಇಂಚ್ ಚೌಕ ತುಂಡು, ಮುಕ್ಕಾಲು ಕಿಲೋ ತೂಕ ಬಂತು, ಅಜ್ಜನ ಫೋಟೋ ಮುಂದ ಇಡಾಕ ಅಂತ ಮ್ಯಾಲಿನ ಮುಖ ಓರೆ ಮಾಡಾಕತ್ತೀನಿ, ಒಂದ್ ಬಾಜೂ 19 ಇದ್ದದ್ದು ಇನ್ನೊಂದ್ ಬಾಜೂ 12ಕ್ಕ ಇಳಿಬೇಕು. ಬೀಡಿನ ಪ್ಲೇಟ್ ತಿರಗತಿರತೈತಿ, ಅದರ ಮ್ಯಾಲ ನೀರು ಮತ್ತ ಕಾರ್ಬೊರಂಡಮ್ ಪುಡಿ ಹಾಕಿ 80, ಆಮ್ಯಾಲ 220, 400, 600 ಮಾಡಿದ್ನಿ (ನಂಬರ್ ಏರಿಧಂಗ ಪುಡಿ ಸಣ್ಣ ಆಗ್ತೈತಿ), ಕಡೀಕ ಫೆಲ್ಟ್ ಗಾಲಿ, ಅಂದ್ರ ಒತ್ತಿದ ಉಣ್ಣಿ ಗಾಲಿ ಮ್ಯಾಲ ಹೊಳಪು ಕೊಡೂ ಸೀರಿಯಂ ಪುಡಿ. ಅಂಚೆಲ್ಲಾ ನೀರಿನಂಗ ಆಗ್ಯಾವು, ನಡುವ ಮಾತ್ರ ಒಂದ್ ಪೇಡೆ ಅಗಲ ಬೂದಿ ಬಣ್ಣದ ಮಬ್ಬು ಕುಂತೈತಿ. ಎರಡ್ ತಾಸು ಫೆಲ್ಟ್ ಮ್ಯಾಲ ಹಿಡದ್ನಿ, ಹೋಗವಲ್ದು. ಒದ್ದಿ ಇದ್ದಾಗ ಪೂರಾ ಸ್ವಚ್ಛ ಕಾಣ್ತೈತಿ, ಆತಪಾ ಅನಕೊಂಡು ಅರಿವೀಲೆ ಒರಸಿದ್ರ ಮತ್ತ ಬೂದಿ. ಇದರ ಜೋಡಿ ಇನ್ನೊಂದ್ ತುಂಡು ಮಾಡಿದ್ನಿ, ಅದನ್ನ ಜೋರ್ ಒತ್ತಿ ಹಿಡದಿದ್ದಕ್ಕ ಫೆಲ್ಟ್ ಮ್ಯಾಲ ಟಪ್ ಅಂತ ಸೀಳಿ ಎರಡಾತು. ಹತ್ತ್ ಸಂಜಿಯ ಕೆಲಸ, ಅಳುನ ಬಂತು ನನಗ.

ಉಸ್ತಾದ್ರನ್ನ ಕೇಳಿದ್ರ ಕೈಗಿ ತಾನ ತಿಳಿತೈತಿ ಅಂತಾರ. ಅವ್ರಿಗಿ ತಿಳಿತೈತಿ ಖರೇ, ನನ್ ಕೈಗಿ ಇನ್ನೂ ತಿಳಿದಿಲ್ಲ. ಯಾಕ್ ಇಷ್ಟ್ ಕೇಳಾಕತ್ತೀನಿ ಅಂದ್ರ ಅಣ್ಣಿಗೇರ್ಯಾಗ ಅಜ್ಜನ ಮನ್ಯಾಗ ಒಂದ್ ಹಳೇ ಬೆಲ್ಜಿಯಂ ಕನ್ನಡಿ ಐತ್ರಿ, ಸುತ್ತಲೂ ಬೆವೆಲ್, ಅಂದ್ರ ಅಂಚಿಗಿ ಓರೆಯಾಗಿ ಉಜ್ಜಿದ ಪಟ್ಟಿ ಇದ್ದದ್ದು, ಒಂದ್ ಮೂಲಿ ಚಕ್ಕಿ ಎದ್ದೈತಿ. ಅದನ್ನ ನಾನ ಕೈಯಾರೆ ಸರಿ ಮಾಡಬೇಕಂತ ಈ ಕೆಲಸಕ್ಕ ಬಂದಾಕಿ ನಾನು.

ಗೋಕುಲರೋಡ್_ಕಾಚಿನಂಗಡಿ

ತಂಗೀ, ಮೊದಲ ಫೆಲ್ಟ್ ಬಂದ್ ಮಾಡು. ಎರಡ್ ತಾಸಿನ್ಯಾಗ ಹೋಗಲಾರ್ದ ಮಬ್ಬು ಇಪ್ಪತ್ ತಾಸಿನ್ಯಾಗೂ ಹೋಗೂದಿಲ್ಲ. ಬಂಗಾರದಂಗಡಿಯವ್ರು ಕಣ್ಣಿಗಿ ಹಿಡಕೊಂಡ್ ನೋಡ್ತಾರಲ್ಲ, 10 ಪಟ್ಟಿಂದು ಸಣ್ಣ ಲೆನ್ಸ್, ಅದನ್ನೊಂದು ತಗೋ, ಗಾಜು ಪೂರಾ ಒಣಗಿಸಿ ಲೈಟಿಗಿ ಓರೆ ಹಿಡದು ಆ ಮಬ್ಬಿನ್ಯಾಗ ನೋಡು. ಎರಡ ಥರ ಕಾಣ್ತೈತಿ ಅಲ್ಲಿ. ಒಂದು, ಎಲ್ಲಾ ಕಡೆ ಒಂದ ನಮೂನಿ ಸಣ್ಣ ಹಿಟ್ಟಿನಂಥ ಮಬ್ಬು ಇದ್ರ ಅದು 600ರದ್ದ ಮುಖ, ಫೆಲ್ಟ್ ಅಲ್ಲಿ ಮುಟ್ಟೇ ಇಲ್ಲ, ಅಂದ್ರ ನಿನ್ನ ಗಾಜು ನಡುವ ತಗ್ಗ ಐತಿ. ಇನ್ನೊಂದು, ಅಲ್ಲಿ ಹೊಳಪು ಬಂದೈತಿ ಆದ್ರ ಅದರೊಳಗ ಬಿಡಿಬಿಡಿ ಗುಂಡಿ ಚುಕ್ಕಿ ಕಾಣ್ತಾವು ಅಂದ್ರ ಅವು 220 ಇಲ್ಲಾ 80ರ ಗುಂಡಿ, 400ರಾಗ ಹೋಗಬೇಕಾದ್ದು ಹೋಗಿಲ್ಲ. ಎರಡಕ್ಕೂ ಮದ್ದು ಬ್ಯಾರೆ ಬ್ಯಾರೆ.

ನೀ ಹೇಳಿದ್ದು ನೋಡಿದ್ರ ನನಗ ಮೊದಲನೇದ ಅನಸ್ತೈತಿ, ಯಾಕಂದ್ರ ಅಂಚು ಚಲೋ ಬಂದಾವು. ಪ್ಲೇಟ್ ಮ್ಯಾಲ ಉಕ್ಕಿನ ಪಟ್ಟಿ ನಿಲ್ಲಿಸಿ ಹಿಂದ ಬ್ಯಾಟರಿ ಹಿಡದು ನೋಡು. ಕಲಿಯೂ ಅಂಗಡ್ಯಾಗ ಎಲ್ಲಾರೂ ಪ್ಲೇಟಿನ ಹೊರಗಿನ ಬಾಜೂನ ಗಾಜು ಹಿಡಿತಾರ, ಅಲ್ಲಿ ಸ್ಪೀಡ್ ಜಾಸ್ತಿ, ಲಗೂನ ತಿಂತೈತಿ ಅಂತ. ವರ್ಷಾನಗಟ್ಟಲೆ ಹಂಗ ಮಾಡಿ ಮಾಡಿ ಹೊರಗ ಸವದು ಒಳಗ ಉಬ್ಬು ಉಳಿತೈತಿ, ಆ ಉಬ್ಬಿನ ಮ್ಯಾಲ 5 ಇಂಚಿನ ಗಾಜು ಇಟ್ರ ನಡುವ ತಗ್ಗಾಗ್ದ ಏನ್ ಮಾಡೀತು. ಪೆನ್ಸಿಲಿನಿಂದ ಗಾಜಿನ ಮುಖದ ತುಂಬ ಚೌಕುಳಿ ಗೆರಿ ಹೊಡಿ, 400ರ ಮ್ಯಾಲ ಅರ್ಧ ನಿಮಿಷ ಹಿಡದು ತೊಳದು ನೋಡು. ನಡುವಿನ ಗೆರಿ ಹಂಗ ಉಳದ್ರ ತಗ್ಗು ಅಲ್ಲೇ ಐತಿ. ಪ್ರತಿ ನಂಬರಿನ್ಯಾಗೂ ಈ ಗೆರಿ ಹೊಡಿಯೂ ರೂಢಿ ಇಟ್ಕೊ.

ಸೀಳಿದ್ದಕ್ಕ ಬಿಸಿ ಕಾರಣ. ಫೆಲ್ಟ್ ಒಣಗಿದ್ರ ತಿಕ್ಕಾಟಕ್ಕ ಒಂದ ಜಾಗಾ ಕಾಯ್ತೈತಿ, ಗಾಜಿನ್ಯಾಗ ಬಿಸಿ ಲಗೂನ ಹರಿಯೂದಿಲ್ಲ, ಕಾದ ಜಾಗಾ ಹಿಗ್ಗತೈತಿ ಬಾಜೂದ್ದು ಹಿಗ್ಗೂದಿಲ್ಲ, ಸೀಳಲಾರ್ದ ಮತ್ತೇನು. ಕೈಗಿ ಬೆಚ್ಚಗ ಹತ್ತಿದ ಕೂಡ್ಲೆ ಎತ್ತಬೇಕು, ಎತ್ತಿ ಕೂಡ್ಲೆ ತಣ್ಣೀರಿನ್ಯಾಗ ಅದ್ದಬಾರ್ದು, ತಾನ ಆರಲಿ. ಮತ್ತ ಸಾಣಿ ಶುರು ಮಾಡೂಕಿಂತ ಮೊದಲ ನಾಕೂ ಅಂಚಿನ ಚೂಪು ಒಂದೆರಡ್ ಎಂಎಂ ಓರೆಯಾಗಿ ಉಜ್ಜಿ ತೆಗಿ, ಚೂಪ್ ಅಂಚಿನಿಂದ ಕಣ್ಣಿಗಿ ಕಾಣಲಾರ್ದ ಚಕ್ಕಿ ಎದ್ದಿರ್ತೈತಿ, ಸೀಳು ಹೊಂಡೂದು ಅಲ್ಲಿಂದನ.

ಇನ್ನೊಂದು, ಮೋಡಕಾ ಅಂಗಡ್ಯಾಗ ಸಿಗೂ ಟೇಬಲ್ ಟಾಪ್ ಗಾಜು ತರೂದಾದ್ರ ಮೂಲ್ಯಾಗ ಸಣ್ಣ ಮುದ್ರಿ ಐತೇನು ನೋಡು. ಮುದ್ರಿ ಇದ್ರ ಅದು ಟಫನ್ಡ್, ಅಂದ್ರ ಕಾಸಿ ಗಟ್ಟಿ ಮಾಡಿದ ಗಾಜು ಇರಬಹುದು, ಅದಕ್ಕ ಗರಗಸ ಹಚ್ಚೂದಲ್ಲ. ನಾ ಒಮ್ಮೆ ನೋಡಲಾರ್ದ ಹಚ್ಚಿದ್ನಿ, ಇಡೀ ಹಲಗಿ ಒಂದ ಕ್ಷಣದಾಗ ಜ್ವಾಳದ ಕಾಳಿನಂಗ ಪುಡಿಯಾಗಿ ಮೊಣಕಾಲ ತನಕ ಸುರೀತು. ಕಣ್ಣಿಗಿ ಕನ್ನಡಕ ಇತ್ತು, ಅದಕ್ಕ ಉಳದ್ನಿ.

ಬೆಟಗೇರಿ_ಸಾಣಿ

ಮ್ಯಾಲಿನವ್ರು ಹೇಳಿದ್ದು ಬರೋಬ್ಬರಿ ಐತಿ. ನಂದೊಂದು ಮಾತು ಕೂಡಸ್ತೀನಿ. ನಾ ಕನ್ನಡಕದ ಅಂಗಡ್ಯಾಗ ಇಪ್ಪತ್ತೆರಡ್ ವರ್ಷ ಲೆನ್ಸ್ ಉಜ್ಜಿದಾಂವ. ಪ್ಲಾಸ್ಟಿಕ್ ಲೆನ್ಸ್ ಬರೂಕಿಂತ ಮೊದಲ ಎಲ್ಲಾ ಖರೇ ಗಾಜ ಇರತಿದ್ದು, ಬೀಡಿನ ಬಟ್ಟಲಿನ್ಯಾಗ ಕುರಂದದ ಪುಡಿ ಹಾಕಿ ಉಜ್ಜೂದು.

80ರಿಂದ ನೇರ 220ಕ್ಕ ಹಾರಬ್ಯಾಡವಾ. ನಡುವ 120 ಹಾಕು. 220ರ ಒಂದ್ ಕಣ ಅಂದಾಜು 60 ಮೈಕ್ರಾನ್, ಹೆಚ್ಚುಕಡಿಮಿ ನಿನ್ನ ತಲಿಕೂದಲಿನ ದಪ್ಪ. 80ರದ್ದು ಅದರ ಮೂರ್ ಪಟ್ಟು. 600 ಅಂದ್ರ ಅಂದಾಜು 10 ಮೈಕ್ರಾನ್. ಈ ಪುಡಿ ಗಾಜನ್ನ ಕೊಯ್ಯೂದಿಲ್ಲ, ಪ್ಲೇಟಿಗೂ ಗಾಜಿಗೂ ನಡುವ ಉಳ್ಳಾಡಿ ಉಳ್ಳಾಡಿ ಸಣ್ಣ ಸಣ್ಣ ಚಕ್ಕಿ ಎಬ್ಬಸ್ತೈತಿ, ಮತ್ತ ಪ್ರತಿ ಚಕ್ಕಿ ಕೆಳಗ ಕಾಣಲಾರ್ದ ಬಿರುಕು ಇನ್ನೊಂದಿಷ್ಟು ಆಳಕ್ಕ ಇಳದಿರ್ತೈತಿ. ಹಂಗಾಗಿ 220ರ ಕೆಲಸ ಒಂದ, 80 ಬಿಟ್ಟುಹೋದ ಗುಂಡಿ ಮತ್ತ ಅದರ ಬುಡದ ಬಿರುಕು ತೆಗಿಯೂದು. 400ರ ಕೆಲಸ 220ರದ್ದು ತೆಗಿಯೂದು. ಸೀರಿಯಮ್ಮಿನ ಕೆಲಸ 600ರದ್ದು ತೆಗಿಯೂದು, ಅಷ್ಟ, ಅದರ ಹಿಂದಿನ ಯಾವದೂ ಅದರ ಕೈಲೆ ಆಗೂದಿಲ್ಲ. ಮುಖ ಒಂದ ಸಮ ಬೂದಿ ಕಂಡ ಕೂಡ್ಲೆ ಮುಂದಿನ ನಂಬರಿಗಿ ಹೋಗಬ್ಯಾಡ, ಸಮ ಕಂಡ ಮ್ಯಾಲೂ ಅಷ್ಟ ಹೊತ್ತು ಇನ್ನೊಮ್ಮೆ ಉಜ್ಜು, ಬಿರುಕು ಆಗ ಹೋಗ್ತಾವು. ನಮ್ಮ ಮೇಸ್ತ್ರಿ ಇದಕ್ಕ ಸಾಲಾ ತೀರಸೂದು ಅಂತಿದ್ರು.

ಮತ್ತ ತೊಳಿಯೂದು. ನಂಬರ್ ಬದಲಿ ಮಾಡೂಮುಂದ ಗಾಜು, ಪ್ಲೇಟ್, ಬಕೇಟ್, ಕೈ, ಉಗುರಿನ ಸಂದಿ, ಏಪ್ರನ್ನಿನ ತುದಿ, ಎಲ್ಲಾ ತೊಳಿಬೇಕು. ಉಗುರು ಕತ್ತರಿಸಿರು. ಒಂದ 80ರ ಕಣ ಫೆಲ್ಟಿನ್ಯಾಗ ಹೊಕ್ಕೊಂಡ್ರ ಆ ಫೆಲ್ಟ್ ಕೆಟ್ಟಂಗ, ತೊಳದ್ರೂ ಬರೂದಿಲ್ಲ, ತಿರತಿರಗಿ ಅದ ಗೀರು ಹಾಕ್ತೈತಿ. ಪ್ರತಿ ನಂಬರಿಗೂ ಬ್ಯಾರೆ ಬ್ರಶ್, ಬ್ಯಾರೆ ಅರಿವಿ. ಸೀರಿಯಂ ಡಬ್ಬಿ ಮಾತ್ರ ಸಾಣಿ ಖೋಲಿ ಹೊರಗ ಇಡು.

ಸೂಟಿ ಸಿಕ್ರ ಗದಗಿಗಿ ಬಾ, ಲಕ್ಕುಂಡಿಗಿ ಹೋಗಿ ಕಾಶಿವಿಶ್ವೇಶ್ವರ ಗುಡಿ ಕಂಬ ನೋಡು. ಕಲ್ಲನ್ನ ತಿರಿಗಿಸಿ ಕಡದು ಉಜ್ಜಿದ ಕೆಲಸ ಅದು, ಚಾಲುಕ್ಯರ ಕಾಲದ್ದು. ಮೆತ್ತನ ಕಲ್ಲು ಅದು, ಗಾಜಿನಷ್ಟು ಗಟ್ಟಿ ಅಲ್ಲ, ಆದ್ರೂ ಸಂಜಿ ಬಿಸಲು ಓರೆಯಾಗಿ ಬಿದ್ದಾಗ ಆ ಉಂಗುರದಂಥ ಗೆರಿ ಮ್ಯಾಲ ಬೆಳಕು ಎಲ್ಲೂ ಮುಗ್ಗರಸಲಾರ್ದ ಹರೀತೈತಿ. ಮುಖ ಸಮ ಆಗೂದು ಅಂದ್ರ ಏನು ಅಂತ ನನಗ ತಿಳದದ್ದು ಅಲ್ಲಿ ಕುಂತಾಗ.

ಸಪ್ತಾಪುರದಾಕಿ

ಎಲ್ಲಾರೂ ಗಾಜಿನ ಬಗ್ಗೆ ಹೇಳಿದ್ರಿ, ಹುಡುಗಿ ಬಗ್ಗೆ ಯಾರೂ ಕೇಳಲಿಲ್ಲ. ಪುಪ್ಪುಸದ ಕಾಳಜಿ ತಗೊಂಡೀರೇನ್ರಿ? ಗಾಜು ಎಂದೂ ಒಣಾ ಉಜ್ಜಬಾರ್ದು. ಗಾಜಿನ್ಯಾಗ ಸಿಲಿಕಾ ಹರಳಿನ ರೂಪದಾಗ ಇರೂದಿಲ್ಲ, ಹಿಂಗಾಗಿ ಕಲ್ಲುಕ್ವಾರಿ ಧೂಳಿನಷ್ಟು ಸಿಲಿಕೋಸಿಸ್ (ಧೂಳಿನಿಂದ ಬರೂ ಪುಪ್ಪುಸದ ರೋಗ) ಭಯ ಇಲ್ಲ ಖರೇ, ಆದ್ರ ಸಣ್ಣ ಧೂಳು ಧೂಳನ ಅದ, ಮತ್ತ ಹಳೇ ಕಟ್‌ಗ್ಲಾಸ್ ಸಾಮಾನಿನ್ಯಾಗ ಸೀಸ ಇರ್ತದ. ನೀರು ಹನಿ ಬೀಳ್ತಿದ್ರ ಧೂಳು ಏಳೂದಿಲ್ಲ. ಖರೇ ಧೂಳು ಏಳೂದು ಮರುದಿನ, ಪ್ಲೇಟಿನ ಸುತ್ತ ಒಣಗಿದ ರಾಡಿ ಕಸಬರಿಗೀಲೆ ಗುಡಿಸಿದಾಗ. ಗುಡಿಸಬ್ಯಾಡ್ರಿ, ಒದ್ದಿ ಅರಿವೀಲೆ ಒರಸ್ರಿ. ಏಪ್ರನ್ ಮನಿಗಿ ಒಯ್ದು ಉಳಿದ ಬಟ್ಟಿ ಜೋಡಿ ತೊಳಿಬ್ಯಾಡ್ರಿ.

ಕರೆಂಟ್ ಬಗ್ಗೆ. ನೀರು ಮೋಟರ್ ಎರಡೂ ಒಂದ ಕಡೆ ಇರೂ ಕೆಲಸ ಇದು. ಆ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡ್ಲೆ ಲೈನ್ ಬಂದ್ ಮಾಡೂ ಸ್ವಿಚ್) ಅದನೋ ಇಲ್ಲೋ ಮಾಲಕರನ್ನ ಕೇಳ್ರಿ, ಇಲ್ಲ ಅಂದ್ರ ಹಾಕಸೂತನಕ ಮಷೀನ್ ಮುಟ್ಟಬ್ಯಾಡ್ರಿ. ಕೇಳಲಿಕ್ಕೆ ಸಂಕೋಚ ಪಡಬ್ಯಾಡ್ರಿ.

ನಮ್ಮಲ್ಲಿ ನಳಾ ದಿನಾ ಬರೂದಿಲ್ಲ, ಅದಕ್ಕ ನೀರು ತಿರಗಿ ಬಳಸಬೇಕಾಗ್ತದ. ನಾ ಮೂರು ಬಕೇಟ್ ಇಟ್ಟೀನಿ, ರಾಡಿ ನೀರು ಮೊದಲನೇದರಾಗ ರಾತ್ರಿಪೂರ್ತಿ ಕೂಡ್ತದ, ಮ್ಯಾಲಿನ ತಿಳಿ ಎರಡನೇದಕ್ಕ, ಅಲ್ಲಿಂದ ಮೂರನೇದಕ್ಕ. ಆ ಮೂರನೇ ನೀರನ್ನೂ 80ರ ಪ್ಲೇಟಿಗೆ ಅಷ್ಟ ಬಿಡ್ತೀನಿ. 400ರಿಂದ ಮ್ಯಾಲಕ್ಕ ಹೊಸಾ ನೀರ ಬೇಕು. ತಳದ ರಾಡಿ ಗಟಾರಕ್ಕ ಸುರವಬ್ಯಾಡ್ರಿ, ಪೈಪಿನ್ಯಾಗ ಕೂತು ಸಿಮೆಂಟಿನಂಗ ಆಗ್ತದ. ಒಣಗಿಸಿ ಚೀಲದಾಗ ಕಟ್ಟಿ ಕಸದ ಗಾಡಿಗೆ ಕೊಡ್ತೀನಿ.

ಬೆಟಗೇರಿ ಸರ್, ಒಂದ್ ಮಾತಿಗೆ ನಂದು ತಕರಾರು ಅದ. 600 ಆದಮ್ಯಾಲ ನೇರ ಸೀರಿಯಮ್ಮಿಗೆ ಹೋಗೂದು ಲೆನ್ಸಿಗೆ ಸರಿ, ಯಾಕಂದ್ರ ನಿಮ್ಮ ಬಟ್ಟಲಿನ ಆಕಾರ ಬರೋಬ್ಬರಿ ಇರ್ತದ. ಕೈಲೆ ಹಿಡಿಯೂ ದಪ್ಪ ಗಾಜಿಗೆ ನಡುವ ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ಕಲ್ಲಿನ ಪುಡಿ) ಹಾಕಿದ್ರ ಅರ್ಧ ಕೆಲಸ ಅಲ್ಲೇ ಆಗ್ತದ. ಕಾರ್ಕ್ ಗಾಲಿ ಮ್ಯಾಲ ಪ್ಯೂಮಿಸ್ ಪುಡಿ ಹಿಟ್ಟು ಕಲಿಸಿಧಂಗ ಕಲಿಸಿ ಹಿಡಿದ್ರ ಗಾಜು ಹಾಲಿನಂಥ ಹೊಳಪಿಗೆ ಬರ್ತದ, ಉಳಿದ ಗೀರು ಯಾವುವು ಅಂತ ಆಗ ಕಾಣ್ತಾವ. ಸೀರಿಯಂ ಹಾಕಿದಮ್ಯಾಲ ಕಂಡ್ರ ಭಾಳ ತಡಾ ಆಗಿರ್ತದ.

ಬೆಟಗೇರಿ_ಸಾಣಿ

ಅಕ್ಕಾರ ಅಂದದ್ದು ಒಪ್ಪಿದ್ನಿ, ದಪ್ಪ ಗಾಜಿಂದು ನಿಮಗ ಹೆಚ್ಚು ಗೊತ್ತು. ನಾ ಉಜ್ಜಿದ್ದು ಬರೇ ಲೆನ್ಸ್.

ಹಾವೇರಿ_ದೂರದರ್ಶಕ

ನಾನು ಹಾವೇರಿ ಕಡೆ ಹೈಸ್ಕೂಲ್ ಮಾಸ್ತರ, ವಿಜ್ಞಾನ ಹೇಳ್ತೀನಿ. ಗ್ಲಾಸ್ ಅಂಗಡಿ ಅನುಭವ ಇಲ್ಲ, ಆದ್ರ ಮಕ್ಕಳ ಜೋಡಿ ಕೂಡಿ 6 ಇಂಚಿನ ದೂರದರ್ಶಕದ ಕನ್ನಡಿ ಒಂದು ಕೈಯಿಂದಲೇ ಉಜ್ಜೀವಿ, ಮಷೀನ್ ಇಲ್ಲದ. ಎರಡು ಗಾಜಿನ ಬಿಲ್ಲಿ, ಒಂದು ನೀರು ತುಂಬಿದ ಪೀಪಾಯಿ ಮ್ಯಾಲ ಕೂಡಿಸೋದು, ಇನ್ನೊಂದು ಅದರ ಮ್ಯಾಲಿಟ್ಟು ನಡುವ ಕಾರ್ಬೊರಂಡಮ್ ಹಾಕಿ ಹಿಂದಮುಂದ ಆಡಿಸ್ತಾ ಪೀಪಾಯಿ ಸುತ್ತ ಕಣದಾಗ ಎತ್ತು ತಿರಿಗಿಧಂಗ ನಡೀತಾ ಹೋಗೋದು. ಮ್ಯಾಲಿನದು ತಾನೇ ಬಟ್ಟಲಾಗ್ತಾ ಹೋಗ್ತೈತಿ, ಕೆಳಗಿನದು ಉಬ್ಬತೈತಿ. ನಾಭಿದೂರ, ಅಂದ್ರ ಕನ್ನಡಿಯಿಂದ ಬೆಳಕು ಒಂದ ಚುಕ್ಕಿಗೆ ಕೂಡೋ ಜಾಗದ ತನಕದ ದೂರ, 48 ಇಂಚು ಬೇಕಾದ್ರ ನಡುವ ತಗ್ಗಾಗಬೇಕಾದ್ದು ಬರೇ 1.2 ಮಿಲಿಮೀಟರ್, ಅಷ್ಟಕ್ಕ ಒಂದೂವರಿ ತಿಂಗಳು ಹಿಡೀತು ನಮಗ. ಮಕ್ಕಳು ಒಬ್ಬೊಬ್ಬರು ಹತ್ತತ್ತು ನಿಮಿಷ ಪಾಳಿ ಹಚ್ಚಿ ನಡದ್ರು, ಯಾರ ಪಾಳಿಯೂ ತಪ್ಪಲಿಲ್ಲ.

ಇದನ್ನ ಯಾಕ್ ಹೇಳಿದ್ನಿ ಅಂದ್ರ ಮ್ಯಾಲಿನ ಗಾಜು ಅಂಚು ದಾಟಿ ಆಡಿಸಿದಷ್ಟೂ ಅದರ ನಡುವ ತಗ್ಗಾಗ್ತೈತಿ, ಇದು ದೂರದರ್ಶಕ ಮಾಡೋರಿಗೆ ಮೊದಲ ಪಾಠ. ನೀವೂ ಪ್ಲೇಟಿನ ಅಂಚಿನಿಂದ ಹೊರಗ ಗಾಜು ಚಾಚಿ ಹಿಡಿತಿದ್ರ ಪ್ಲೇಟ್ ಸಮ ಇದ್ರೂ ತಗ್ಗಾಗಬಹುದು, ಅದನ್ನೂ ನೋಡ್ಕೊಳ್ರಿ. ಗಾಜು ಕೈಯಾಗ ಸ್ವಲ್ಪ ಸ್ವಲ್ಪ ತಿರಗಿಸ್ತಾ ಇರಬೇಕು.

600 ಸರಿಯಾಗಿ ಆತೋ ಇಲ್ಲೋ ನೋಡಾಕ ಲೆನ್ಸ್ ಇಲ್ಲದೂ ಒಂದು ದಾರಿ ಐತಿ. ಗಾಜು ಒಣಗಿಸಿ ಕಣ್ಣಿನ ಸಮಕ್ಕ ಚಪ್ಪಟಿ ಹಿಡಿದು ದೂರದ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡ್ರಿ. ಪಾಲಿಶ್ ಆಗದ ಮುಖದಾಗೂ ಪೂರಾ ಓರೆಯಾಗಿ ನೋಡಿದಾಗ ಲೈಟ್ ಕಾಣ್ತೈತಿ. ಗಾಜನ್ನ ಸಾವಕಾಶ ಎತ್ತರಸ್ತಾ ಹೋದ್ರ ಆ ಬಿಂಬ ಕೆಂಪಿಗೆ ತಿರಿಗಿ ಮಾಯ ಆಗ್ತೈತಿ. ಎಷ್ಟು ಎತ್ತರದ ತನಕ ಉಳಿತೈತೋ ಅಷ್ಟು ನಯ ಆಗೈತಿ ಅಂತ ಅರ್ಥ. ನಡುವೊಂದು ಕಡೆ, ಅಂಚಿನ್ಯಾಗ ಒಂದು ಕಡೆ ನೋಡಿ ಹೋಲಿಸ್ರಿ, ಎರಡೂ ಒಂದ ಎತ್ತರಕ್ಕ ಮಾಯ ಆಗಬೇಕು.

ಸೀರಿಯಂ ಬಗ್ಗೆ ಒಂದು. ಕೇರಳದ ಕಡಲದಂಡಿ ಮೊನಝೈಟ್ ಮರಳಿನ್ಯಾಗ ಇರೋ ಧಾತು ಅದು. ಪಾಲಿಶಿಗೆ ಬಳಸೋದು ಅದರ ಆಕ್ಸೈಡ್ ಪುಡಿ. ಗಡಸುತನದಾಗ ಗಾಜಿಗೂ ಆ ಪುಡಿಗೂ ಭಾಳ ಫರಕ್ ಇಲ್ಲ, ಅದು ಬರೇ ಕೆರೆಯೋದಲ್ಲ, ನೀರಿನ ಜೋಡಿ ಸೇರಿ ಗಾಜಿನ ಮ್ಯಾಲಿನ ಪದರದ ಜೋಡಿ ರಾಸಾಯನಿಕವಾಗಿ ಹಿಡಕೊಂಡು ಅದನ್ನ ಎತ್ತತೈತಿ. ಅದಕ್ಕ ನೀರು ಭಾಳ ಆದ್ರ ಜಾರತೈತಿ, ಕಡಿಮಿ ಆದ್ರ ಕಾಯ್ತೈತಿ. ನಡುವ ಒಂದು ಹದ ಐತಿ, ಗಾಜನ್ನ ಫೆಲ್ಟ್ ಹಿಡದು ಜಗ್ಗಿಧಂಗ ಕೈಗೆ ಹತ್ತತೈತಿ. ನಿಮ್ಮ ಉಸ್ತಾದ್ರು ಕೈಗೆ ತಿಳಿತೈತಿ ಅಂದದ್ದು ಈ ಹದಕ್ಕೇ ಇರಬೇಕು.

ಸಂಜಿಪಾಳಿ_ಹುಬ್ಬಳ್ಳಿ

ಎಲ್ಲಾರಿಗೂ ಕೈ ಮುಗೀತೀನ್ರಿ. ಇಷ್ಟ್ ಬಿಚ್ಚಿ ಹೇಳ್ತೀರಿ ಅನಕೊಂಡಿದ್ದಿಲ್ಲ. ನಾಕ್ ಸಂಜಿ ಆದಮ್ಯಾಲ ಬರಿಯಾಕತ್ತೀನಿ.

ಪೆನ್ಸಿಲ್ ಗೆರಿ ಹೊಡದು 400ರ ಮ್ಯಾಲ ಹಿಡದ್ನಿ, ನಡುವಿನ ಚೌಕುಳಿ ಹಂಗ ಕುಂತಿದ್ದು, ಒಂದ್ ಗೆರಿನೂ ಹೋಗಿದ್ದಿಲ್ಲ. ಉಕ್ಕಿನ ಪಟ್ಟಿ ನಿಲ್ಲಿಸಿದ್ರ ಎರಡೂ ಬಾಜೂ ಬೆಳಕು ಹಾಯ್ತಿತ್ತು. ಉಸ್ತಾದ್ರಿಗೆ ತೋರಿಸಿದ್ನಿ, ಅವ್ರು ಒಂದ್ ಗಳಿಗಿ ಸುಮ್ಮನಿದ್ದು ಬ್ಯಾಟರಿ ತಾವ ಇಸಗೊಂಡು ನೋಡಿದ್ರು, ಮರುದಿನ ಪ್ಲೇಟ್ ಬಿಚ್ಚಿ ಲೇಥಿಗೆ ಕಳಿಸಿ ಸಮ ಮಾಡಿಸಿದ್ರು. ಆರ್‌ಸಿಸಿಬಿನೂ ಕೇಳಿದ್ನಿ, ನಮ್ಮ ಲೈನಿಗಿ ಇದ್ದಿಲ್ಲ, ಹಾಕಸ್ಯಾರ.

ಗಾಜನ್ನ ಪೂರಾ ಹಿಂದಕ್ಕ 120ಕ್ಕ ಒಯ್ದ್ನಿ. ಮನಸಿಗಿ ಭಾಳ ತ್ರಾಸಾತು ಅಂಚಿನ ಹೊಳಪೆಲ್ಲಾ ಅಳಿಸೂಮುಂದ. ಆದ್ರ ಈ ಸಲ 220ರ ಮ್ಯಾಲ ಸಪ್ಪಳನ ಬ್ಯಾರೆ ಇತ್ತು, ಶುರುವಿಗಿ ಗರಗರ ಅನ್ನೂದು ಬರಬರತಾ ಸಣ್ಣಾಗಿ ಉಸರಿನಂಗ ಆತು, ಆಮ್ಯಾಲ ತೊಳದು ನೋಡಿದ್ರ ಗೆರಿ ಎಲ್ಲಾ ಕಡೆ ಒಂದ ಹೊತ್ತಿಗಿ ಹೋಗಿದ್ದು. ಟ್ಯೂಬ್‌ಲೈಟ್ ಕೆಂಪಾಗೂದೂ ಕಂಡೆ, ಮಾಸ್ತರ, ನಡುವನೂ ಅಂಚಿನ್ಯಾಗೂ ಒಂದ ಎತ್ತರಕ್ಕ. ಪ್ಯೂಮಿಸ್ ನಮ್ಮಲ್ಲಿ ಸಿಗಲಿಲ್ಲ, ಹಂಗ ಸೀರಿಯಮ್ಮಿಗೆ ಹೋದ್ನಿ, ಐವತ್ ನಿಮಿಷಕ್ಕ ಮುಗೀತು. ಒರಸಿ ಒಣಗಿಸಿದಮ್ಯಾಲೂ ಅಜ್ಜನ ಫೋಟೋದ ಪಟಗಾ ಗಾಜಿನೊಳಗ ತಲಿಕೆಳಗಾಗಿ ಸ್ವಚ್ಛ ಕಾಣ್ತೈತಿ. ಒಂದ್ ಉದ್ದನ ಗೀರು ಮಾತ್ರ ಉಳದೈತಿ, ಕೂದಲಿನಂಥಾದ್ದು, ಅದು ಏಪ್ರನ್ನಿಗಿ ಕೈ ಒರಸಿಕೊಂಡು ಬಂದಿದ್ದಕ್ಕ. ಎಲ್ಲಿ ಆತು ಅಂತ ಖರೇನ ನೆನಪೈತಿ ನನಗ.

ಈಗ ಬೆಲ್ಜಿಯಂ ಕನ್ನಡಿ. ಅದರ ಬೆವೆಲ್ ಹಿಂಗ ಮಾಡಬಹುದೇನ್ರಿ?

ಗೋಕುಲರೋಡ್_ಕಾಚಿನಂಗಡಿ

ಇನ್ನೂ ಬ್ಯಾಡ ತಂಗೀ. ಹಳೇ ಕನ್ನಡಿ ಹಿಂದ ಬೆಳ್ಳಿ ಲೇಪ ಐತಿ, ನೀರು ಅಂಚಿನಿಂದ ಹೊಕ್ರ ಕರಿ ಕಲಿ ಬೀಳ್ತಾವು, ಅವು ಮತ್ತ ಹೋಗೂದಿಲ್ಲ. ಮೊದಲ 6 ಎಂಎಂ ಸಾದಾ ಕನ್ನಡಿ ತುಂಡಿಗೆ ಒಂದಿಂಚಿನ ಬೆವೆಲ್ ಹತ್ತ್ ಸಲ ಹೊಡಿ, ಹತ್ತೂ ಒಂದ ಅಗಲ ಬರಬೇಕು, ಮೂಲ್ಯಾಗ ಎರಡೂ ಬೆವೆಲ್ ಕೂಡೂ ಗೆರಿ ಸರಿ 45ಕ್ಕ ಬರಬೇಕು, ಆಮ್ಯಾಲ ಅಣ್ಣಿಗೇರಿಗೆ ಹೋಗೂನು. ಆ ದಿನ ಹಿಂಬದಿ ಅಂಚಿಗಿ ಎರಡ್ ಕೋಟ್ ವಾರ್ನಿಶ್ ಹಚ್ಚಿ ಒಣಗಿಸಿರಬೇಕು. ಚಕ್ಕಿ ಎಷ್ಟ್ ಆಳ ಎದ್ದೈತಿ? ಬೆವೆಲ್ಲಿನ ಅಗಲದೊಳಗ ಐತೋ, ದಾಟಿ ಒಳಗ ಹೋಗೈತೋ? ಅಳತಿ ಪಟ್ಟಿ ಇಟ್ಟು ಒಂದ್ ಫೋಟೋ ಹಾಕು.

ಸಂಜಿಪಾಳಿ_ಹುಬ್ಬಳ್ಳಿ

ದಾಟಿಲ್ರಿ, ನನಗ ನೆನಪಿದ್ದಷ್ಟು ಬೆವೆಲ್ಲಿನ ಅರ್ಧಕ್ಕ ನಿಂತೈತಿ. ರವಿವಾರ ಮುಂಜಾನಿ ಬಸ್ಸಿಗಿ ಅಣ್ಣಿಗೇರಿಗೆ ಹೋಗಾಕತ್ತೀನಿ, ಅಳತಿ ತಗೊಂಡ್ ಬಂದು ಹಾಕ್ತೀನಿ. 6 ಎಂಎಂ ತುಂಡು ಇವತ್ತ ನಾಕ್ ಕೊರದಿಟ್ಟೀನಿ.